ಅರಿವಿನ ಕುರುಹು: ಮಿದುಳಿಗೆ ಪೆಟ್ಟಾದವರ ಆರೈಕೆಯಲ್ಲಿ ಪ್ರಜ್ಞಾವಿಜ್ಞಾನ

ವೀರಶೈವ ಸಾಹಿತ್ಯದಲ್ಲಿ ‘ಅರಿವು’ ಮತ್ತು ‘ಕುರುಹು’ ಎಂಬ ಎರಡು ಪದಗಳು ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ. ಅರಿವು ಒಳಗಿನದು, ಕುರುಹು ಹೊರಗೆ ಕಾಣುವ ಗುರುತು. ಕುರುಹನ್ನು ಹಿಡಿದು ಅರಿವನ್ನು ಸೇರಬೇಕೆಂದೂ, ಕುರುಹನ್ನೇ ಅರಿವೆಂದು ಭ್ರಮಿಸಬಾರದೆಂದೂ ಶರಣರು ಬಗೆಬಗೆಯಾಗಿ ವಿವೇಚಿಸಿದ್ದಾರೆ. ಈ ವಿವೇಚನೆಯು ಇಷ್ಟಲಿಂಗೋಪಾಸನೆಯ ಸಂದರ್ಭದಲ್ಲಿ ಹುಟ್ಟಿದುದು, ಸಾಧಕನಿಗೆ ಸಂಬಂಧಿಸಿದುದು. ಆದರೆ ಇದನ್ನೇ ಹೋಲುವ ಒಂದು ಪ್ರಶ್ನೆ ಈ ಕಾಲದ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಬೇರೊಂದು ರೂಪದಲ್ಲಿ ಎದ್ದು ನಿಂತಿದೆ. ಮಿದುಳಿಗೆ ಪೆಟ್ಟುಬಿದ್ದು, ಮಾತಿಲ್ಲದೆ, ಚಲನೆಯಿಲ್ಲದೆ ಮಲಗಿರುವ ಮನುಷ್ಯನಲ್ಲಿ ಹೊರಗಿನ ಕುರುಹು ಕಾಣದಿದ್ದರೆ ಒಳಗೆ ಅರಿವಿಲ್ಲವೆಂದು ನಿರ್ಣಯಿಸಬಹುದೆ? ನಿರ್ಣಯಿಸಿದರೆ, ಆ ನಿರ್ಣಯದ ಆಧಾರದ ಮೇಲೆ ಅವನ ಆರೈಕೆಯನ್ನು ಕಡಿಮೆಮಾಡಬಹುದೆ? ಕಳೆದ ಎರಡು ದಶಕಗಳ ಪ್ರಜ್ಞಾವಿಜ್ಞಾನದ ಸಂಶೋಧನೆಗಳು ಈ ಪ್ರಶ್ನೆಗೆ ಹೊಸ ಬೆಳಕನ್ನು ತಂದಿವೆ. ಆ ಬೆಳಕು ರೋಗಿಯ ಹಾಸಿಗೆಯವರೆಗೆ ತಲುಪಿದೆಯೇ ಎಂಬುದು ಬೇರೆಯೇ ವಿಚಾರ.

ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕುಗಳ ಸಂಬಂಧವನ್ನು ನೋಡಿದರೆ ಈ ಪ್ರಶ್ನೆಯ ಲೌಕಿಕ ಮುಖವು ಸ್ಪಷ್ಟವಾಗುತ್ತದೆ. ಖಾನಾಪುರವು ಸಹ್ಯಾದ್ರಿಯ ಮಡಿಲಿನ ತಾಲೂಕು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವುದು ಇಲ್ಲಿಯೇ, ಸಂಗೊಳ್ಳಿ ರಾಯಣ್ಣನು 1831ರಲ್ಲಿ ಗಲ್ಲಿಗೇರಿದ ನಂದಗಡವಿರುವುದೂ ಇಲ್ಲಿಯೇ. ಗೋವೆಗೆ ಹೋಗುವ ಹೆದ್ದಾರಿ ಈ ತಾಲೂಕನ್ನು ಹಾಯುತ್ತದೆ. ಜಾಂಬೋಟಿಯ ಮೇಲಿಂದ ಚೋರ್ಲಾ ಘಟ್ಟಕ್ಕಿಳಿಯುವ ದಾರಿಯೂ ಇದರೊಳಗೇ ಇದೆ. ಮಳೆಗಾಲದ ಕತ್ತಲೆಯಲ್ಲಿ ದ್ವಿಚಕ್ರ ವಾಹನದಿಂದ ಬಿದ್ದವನಿಗೆ, ಹಲಸಿನ ಮರದಿಂದ ಜಾರಿದವನಿಗೆ ತಲೆಯ ಪೆಟ್ಟಾದರೆ ನರಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆ ದೊರೆಯುವುದು ಬೆಳಗಾವಿಯಲ್ಲಿ. ತಾಲೂಕಿನ ಕೇಂದ್ರದಿಂದ ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಭೀಮಗಡದ ಕಾಡಂಚಿನ ಹಳ್ಳಿಯಿಂದ ಖಾನಾಪುರಕ್ಕೆ ಬರುವುದೇ ಒಂದು ಪ್ರಯಾಣ. ಮಿದುಳಿಗೆ ಮೊದಲ ಪೆಟ್ಟು ಮಾಡುವಷ್ಟೇ ಹಾನಿಯನ್ನು ಅನಂತರದ ಉಸಿರಿನ ಕೊರತೆ ಮತ್ತು ರಕ್ತದೊತ್ತಡದ ಕುಸಿತ ಮಾಡಬಲ್ಲವು. ಆದುದರಿಂದ ದಾರಿಯ ಹೊತ್ತೇ ಅನೇಕ ವೇಳೆ ರೋಗಿಯ ಮುಂದಿನ ಸ್ಥಿತಿಯನ್ನು ನಿರ್ಧರಿಸುತ್ತದೆ. ಪ್ರಾಣ ಉಳಿಯುತ್ತದೆ. ಕಣ್ಣು ತೆರೆಯುತ್ತದೆ. ಮಾತು ಬರುವುದಿಲ್ಲ. ಮನೆಯವರು ಹಾಸಿಗೆಯ ಪಕ್ಕದಲ್ಲಿ ನಿಂತು ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: ಇವರಿಗೆ ತಿಳಿಯುತ್ತದೆಯೆ?

ಈ ಪ್ರಶ್ನೆ ಹೊಸತಲ್ಲ. ನಮ್ಮ ಪೂರ್ವಿಕರು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾತ್ರಯವನ್ನು ವಿಚಾರಿಸುವಾಗ ಮೂರ್ಛೆಯನ್ನು ಎಲ್ಲಿ ಇಡಬೇಕೆಂದು ತೊಡಕಿಗೆ ಸಿಕ್ಕಿದ್ದುಂಟು. ವೀರಶೈವರಿಗೆ ಶ್ರೀಪತಿ ಪಂಡಿತರ ಶ್ರೀಕರಭಾಷ್ಯದಿಂದ ಪರಿಚಿತವಾದ ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಮೂರ್ಛಿತನ ಸ್ಥಿತಿಗೆಂದೇ ಒಂದು ಸೂತ್ರವಿದೆ. ಅದು ಎಚ್ಚರವೂ ಅಲ್ಲ, ಕನಸೂ ಅಲ್ಲ, ಗಾಢನಿದ್ರೆಯೂ ಅಲ್ಲ, ಮರಣವೂ ಅಲ್ಲ. ಅರೆಸ್ಥಿತಿ ಎಂಬುದು ಅಲ್ಲಿಯ ನಿಲುವು. ಚರಕಸಂಹಿತೆಯು ಇನ್ನೂ ಮುಂದುವರಿದು ಮದ, ಮೂರ್ಛೆ, ಸಂನ್ಯಾಸ ಎಂದು ಪ್ರಜ್ಞಾಹಾನಿಯ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಮೊದಲೆರಡು ದೋಷವೇಗ ಇಳಿದಂತೆ ತಾವಾಗಿ ಶಮನವಾಗುತ್ತವೆ. ಸಂನ್ಯಾಸವು ಔಷಧವಿಲ್ಲದೆ ಶಮಿಸುವುದಿಲ್ಲ, ರೋಗಿಯು ಕಟ್ಟಿಗೆಯಂತೆ ಬಿದ್ದಿರುತ್ತಾನೆ, ತಡಮಾಡಿದರೆ ಸಾಯುತ್ತಾನೆ. ವಿರಕ್ತಾಶ್ರಮಕ್ಕೂ ಈ ರೋಗಕ್ಕೂ ಒಂದೇ ಹೆಸರಿರುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿನೋದವಾಗಿ ತೋರಬಹುದು. ಗಮನಿಸಬೇಕಾದುದು ಆ ಪ್ರಾಚೀನ ವೈದ್ಯನ ವಿವೇಕ: ಕಟ್ಟಿಗೆಯಂತೆ ಕಂಡರೂ ಅವನು ಕಟ್ಟಿಗೆಯಲ್ಲ, ಕೂಡಲೇ ಚಿಕಿತ್ಸೆಗೆ ಅರ್ಹನಾದ ರೋಗಿ.

ಆಧುನಿಕ ವೈದ್ಯವು ಪ್ರಜ್ಞೆಯನ್ನು ಎರಡು ಅಂಶಗಳಾಗಿ ಬಿಡಿಸಿ ನೋಡುತ್ತದೆ. ಒಂದು ಎಚ್ಚರ, ಇನ್ನೊಂದು ಅರಿವು. 1949ರಲ್ಲಿ ಮೊರುಜ್ಜಿ ಮತ್ತು ಮಗೂನ್ ಎಂಬ ವಿಜ್ಞಾನಿಗಳು ಮಿದುಳುಕಾಂಡದೊಳಗಿನ ಬಲೆಯಂತಹ ನರಜಾಲವೊಂದು ಇಡೀ ಮಿದುಳನ್ನು ಎಚ್ಚರದಲ್ಲಿಡುತ್ತದೆಂದು ತೋರಿಸಿದರು. ದೀಪಕ್ಕೆ ಎಣ್ಣೆಯಿದ್ದಂತೆ ಇದು. ಆದರೆ ಎಣ್ಣೆಯಿದ್ದ ಮಾತ್ರಕ್ಕೆ ಬೆಳಕಾಗದು. ಮಿದುಳಿನ ಹೊರಪದರವೂ, ಅದಕ್ಕೂ ಒಳಗಿನ ಥಾಲಮಸ್ಸಿಗೂ ನಡುವಿನ ಕೊಡುಕೊಳುವೆಯೂ ಚೆನ್ನಾಗಿದ್ದಾಗ ಮಾತ್ರ ‘ಇದು ನಾನು, ಇದು ನನ್ನ ಸುತ್ತಲಿನ ಲೋಕ’ ಎಂಬ ಅರಿವು ಮೂಡುತ್ತದೆ. ಇವೆರಡೂ ಬೇರೆಬೇರೆಯಾಗಿ ಕೆಡಬಲ್ಲವೆಂಬುದೇ ಎಲ್ಲ ತೊಡಕಿನ ಮೂಲ. ಎರಡೂ ಇಲ್ಲದ ಸ್ಥಿತಿ ಕೋಮಾ. ಕಣ್ಣು ಮುಚ್ಚಿಯೇ ಇರುತ್ತದೆ. ಕೋಮಾ ಸಾಮಾನ್ಯವಾಗಿ ಕೆಲವು ವಾರಗಳಿಗಿಂತ ಹೆಚ್ಚು ನಿಲ್ಲದು. ಅನಂತರ ಕೆಲವರಲ್ಲಿ ಎಚ್ಚರ ಮರಳುತ್ತದೆ, ಅರಿವಿನ ಗುರುತು ಮಾತ್ರ ಕಾಣದು. ಹಗಲು ಕಣ್ಣು ತೆರೆದಿರುತ್ತಾರೆ, ರಾತ್ರಿ ನಿದ್ರಿಸುತ್ತಾರೆ, ಆಕಳಿಸುತ್ತಾರೆ, ಕೆಲವೊಮ್ಮೆ ನರಳುತ್ತಾರೆ, ಆದರೆ ಕರೆದರೆ ಓಗೊಡುವುದಿಲ್ಲ. ಈ ಸ್ಥಿತಿಗೆ 1972ರಲ್ಲಿ ಬ್ರಯನ್ ಜೆನೆಟ್ ಮತ್ತು ಫ್ರೆಡ್ ಪ್ಲಮ್ ಕೊಟ್ಟ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ‘ಸಸ್ಯಸದೃಶ ಸ್ಥಿತಿ’ ಎನ್ನಬಹುದು. ಹೆಸರು ಶಾಸ್ತ್ರೀಯವಾದರೂ ಕಿವಿಗೆ ಕ್ರೂರ. ಮನುಷ್ಯನನ್ನು ಗಿಡವೆಂದು ಕರೆದಂತಾಗುವುದರಿಂದ 2010ರಲ್ಲಿ ಯುರೋಪಿನ ವಿದ್ವಾಂಸರು ‘ಪ್ರತಿಕ್ರಿಯೆಯಿಲ್ಲದ ಎಚ್ಚರ’ ಎಂಬ ಹೆಸರನ್ನು ಸೂಚಿಸಿದರು. ಪದದ ಆಯ್ಕೆಯೂ ಆರೈಕೆಯ ಒಂದು ಭಾಗವೆಂಬುದನ್ನು ಭಾಷೆಯ ಅಭ್ಯಾಸಿಗಳಿಗೆ ಹೇಳಬೇಕಾಗಿಲ್ಲ.

ಇದರಿಂದ ಮಿದುಳುಮರಣವನ್ನು ಸ್ಪಷ್ಟವಾಗಿ ಬೇರ್ಪಡಿಸಬೇಕು. ಮಿದುಳುಕಾಂಡವೂ ಶಾಶ್ವತವಾಗಿ ನಿಂತುಹೋಗಿ ಸ್ವಂತ ಉಸಿರಾಟವೇ ಇಲ್ಲವಾದಾಗ ಮಿದುಳುಮರಣವೆನ್ನುತ್ತಾರೆ. 1994ರ ಅಂಗಾಂಗ ಕಸಿ ಕಾಯಿದೆಯು ಅದನ್ನು ಅಂಗದಾನದ ಉದ್ದೇಶಕ್ಕೆ ಮರಣವೆಂದೇ ಒಪ್ಪಿದೆ. ಸಸ್ಯಸದೃಶ ಸ್ಥಿತಿಯವನು ತಾನಾಗಿ ಉಸಿರಾಡುತ್ತಾನೆ. ಅವನು ಬದುಕಿದ್ದಾನೆ. ಜನರ ಮಾತಿನಲ್ಲಿ ಇವೆರಡೂ ‘ಕೋಮಾ’ ಎಂಬ ಒಂದೇ ಪದದಲ್ಲಿ ಕಲಸಿಹೋಗಿರುವುದರಿಂದ ಎಷ್ಟೋ ಮನೆಗಳಲ್ಲಿ ಅನಗತ್ಯ ದುಃಖವೂ ಅನಗತ್ಯ ಭ್ರಮೆಯೂ ಹುಟ್ಟುತ್ತವೆ.

ಕರ್ನಾಟಕದ ಒಂದು ಜೀವವು ಈ ಪ್ರಶ್ನೆಯನ್ನು ಇಡೀ ಭಾರತದ ಮುಂದಿಟ್ಟಿತು. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯೇ ನಡೆದ ಪಾಶವೀ ಆಕ್ರಮಣದಲ್ಲಿ ಕುತ್ತಿಗೆಗೆ ಸರಪಳಿ ಬಿಗಿದುದರಿಂದ ಮಿದುಳಿಗೆ ಆಮ್ಲಜನಕ ನಿಂತು, 2015ರ ಮೇ 18ರಂದು ಪ್ರಾಣ ಹೋಗುವವರೆಗೆ ನಾಲ್ವತ್ತೊಂದು ವರ್ಷಕ್ಕೂ ಮೇಲ್ಪಟ್ಟು ಹಾಸಿಗೆಯಲ್ಲಿಯೇ ಉಳಿದರು. ಅವರಿಗೆ ಕೊಡುತ್ತಿದ್ದ ಆಹಾರವನ್ನು ನಿಲ್ಲಿಸಲು ಅನುಮತಿ ಕೋರಿ ಲೇಖಕಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತೀರ್ಪಿತ್ತಿತು. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಆಕೆಯಲ್ಲಿ ಶಾಶ್ವತ ಸಸ್ಯಸದೃಶ ಸ್ಥಿತಿಯ ಬಹುತೇಕ ಲಕ್ಷಣಗಳಿವೆಯೆಂದರು. ಆಸ್ಪತ್ರೆಯ ದಾದಿಯರಾದರೋ ಅರುಣಾ ಆಹಾರದ ರುಚಿಗೆ, ಪರಿಚಿತ ದನಿಗೆ ತಮ್ಮದೇ ರೀತಿಯಲ್ಲಿ ಸ್ಪಂದಿಸುತ್ತಾರೆಂದು ಸಾಧಿಸಿದರು. ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿ, ಆಕೆಯ ಪರವಾಗಿ ನಿರ್ಧರಿಸುವ ಅಧಿಕಾರ ದಿನನಿತ್ಯ ಸೇವೆಮಾಡಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದು ಹೇಳಿತು. ಅಷ್ಟು ದೀರ್ಘಕಾಲದಲ್ಲಿ ಆಕೆಯ ಮೈಮೇಲೆ ಒಂದು ಹಾಸಿಗೆಹುಣ್ಣೂ ಏಳಲಿಲ್ಲವೆಂಬ ಸಂಗತಿಯನ್ನು ತೀರ್ಪು ಮೆಚ್ಚಿ ದಾಖಲಿಸಿದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಿ ಮಲಗಿಸುವ ಶ್ರಮವನ್ನು ಬಲ್ಲವರಿಗೆ ಈ ಒಂದು ವಾಕ್ಯದ ತೂಕ ತಿಳಿಯುತ್ತದೆ. ಕಾಯಕವೆಂಬ ಪದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ದೊರೆಯುವುದು ಕಷ್ಟ.

ವೈದ್ಯರ ಪರೀಕ್ಷೆಗೂ ದಾದಿಯರ ಅನುಭವಕ್ಕೂ ನಡುವೆ ಅಲ್ಲಿ ಕಂಡ ಅಂತರವೇ ಇತ್ತೀಚಿನ ಪ್ರಜ್ಞಾವಿಜ್ಞಾನದ ಮುಖ್ಯ ವಿಷಯ. 2002ರಲ್ಲಿ ಅಮೆರಿಕದ ಜೋಸೆಫ್ ಜಿಯಾಚಿನೊ ಮತ್ತು ಸಂಗಡಿಗರು ‘ಅಲ್ಪಪ್ರಜ್ಞಾ ಸ್ಥಿತಿ’ ಎಂಬ ಹೊಸ ವರ್ಗವನ್ನು ನಿರೂಪಿಸಿದರು. ಇಲ್ಲಿ ಅರಿವು ಇದೆ. ಆದರೆ ಮೋಡದ ಮರೆಯ ಸೂರ್ಯನಂತೆ ಬಂದು ಹೋಗುತ್ತದೆ. ಬೆಳಿಗ್ಗೆ ಕೈ ಒತ್ತೆಂದರೆ ಒತ್ತಿದವನು ಮಧ್ಯಾಹ್ನ ಕಲ್ಲಿನಂತಿರಬಹುದು. ಇದನ್ನು ಅಳೆಯಲು 2004ರಲ್ಲಿ ಒಂದು ಪರಿಷ್ಕೃತ ಕೋಷ್ಟಕ ಸಿದ್ಧವಾಯಿತು. ಶ್ರವಣ, ದೃಷ್ಟಿ, ಚಲನೆ, ಬಾಯಿಯ ಚಲನೆ ಹಾಗೂ ಮಾತು, ಸಂವಹನ, ಎಚ್ಚರ ಎಂಬ ಆರು ವಿಭಾಗಗಳಲ್ಲಿ 0ಯಿಂದ 23ರವರೆಗೆ ಅಂಕಗಳು. ತುರ್ತುಚಿಕಿತ್ಸೆಯ ಕೊಠಡಿಗಳಲ್ಲಿ ಎಲ್ಲರೂ ಬಳಸುವ ಗ್ಲಾಸ್ಗೋ ಅಳತೆಯು 1974ರದು. 3ರಿಂದ 15ರವರೆಗಿನ ಆ ಅಂಕ ಪೆಟ್ಟಿನ ತೀವ್ರತೆಯನ್ನು ಕ್ಷಣಮಾತ್ರದಲ್ಲಿ ತಿಳಿಸುತ್ತದೆ, ಆದರೆ ಅಡಗಿದ ಅರಿವನ್ನು ಹುಡುಕಲು ಅದನ್ನು ರಚಿಸಿದುದಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೈದ್ಯರ ತಂಡವು ಒಮ್ಮತದಿಂದ ಸಸ್ಯಸದೃಶ ಸ್ಥಿತಿಯವರೆಂದು ನಿರ್ಣಯಿಸಿದ್ದ 44 ರೋಗಿಗಳನ್ನು ಈ ಹೊಸ ಕೋಷ್ಟಕದಿಂದ ಪರೀಕ್ಷಿಸಿದಾಗ 18 ಮಂದಿಯಲ್ಲಿ ಅರಿವಿನ ಗುರುತುಗಳು ಕಂಡುಬಂದವು. ಅಂದರೆ ನೂರಕ್ಕೆ ನಾಲ್ವತ್ತೊಂದು. ಅವರು ಅಜಾಗರೂಕ ವೈದ್ಯರಲ್ಲ, ಅನುಭವಿಗಳು. ಬರಿಗಣ್ಣಿನ ನೋಟಕ್ಕೆ ಇಷ್ಟು ಮಿತಿಯಿದೆಯೆಂಬುದೇ ಅದರಿಂದ ತಿಳಿಯುವುದು.

ಈ ಪರೀಕ್ಷೆಗೆ ಬೇಕಾದ ಉಪಕರಣಗಳಲ್ಲಿ ಬಹು ಮುಖ್ಯವಾದುದು ಒಂದು ಕೈಗನ್ನಡಿ. ರೋಗಿಯ ಕಣ್ಣು ಚಲಿಸುವ ವಸ್ತುವನ್ನು ಹಿಂಬಾಲಿಸುತ್ತದೆಯೇ ಎಂದು ನೋಡುವಾಗ ಬೆರಳು, ಪೆನ್ನು, ಬೇರೆಯವರ ಮುಖಗಳಿಗಿಂತ ಸ್ವಂತ ಮುಖದ ಪ್ರತಿಬಿಂಬವೇ ಹೆಚ್ಚು ಸೆಳೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ಹಾಗೆಯೇ ಗಂಟೆಯ ಸದ್ದಿಗಿಂತ ತನ್ನ ಹೆಸರಿನ ಸದ್ದಿಗೆ ಕಿವಿಗೊಡುವವರೇ ಹೆಚ್ಚು. ಒಮ್ಮೆ ಪರೀಕ್ಷಿಸಿ ಮುಗಿಸಿದರೆ ಸಾಲದು. ಎರಡು ವಾರಗಳೊಳಗೆ ಕಡಿಮೆಯೆಂದರೆ ಐದು ಬಾರಿ ಪರೀಕ್ಷಿಸಬೇಕೆಂಬುದು 2017ರ ಒಂದು ಅಧ್ಯಯನದ ಸಲಹೆ. ನಿದ್ರೆ ಬರಿಸುವ ಔಷಧ, ಜ್ವರ, ಗುಪ್ತ ಅಪಸ್ಮಾರ, ಕಿವುಡುತನ ಇವುಗಳನ್ನೆಲ್ಲ ಮೊದಲು ವಿಚಾರಿಸಬೇಕು. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಬೇಕಾದುದು ಸಮಯ, ತಾಳ್ಮೆ ಮತ್ತು ಭಾಷೆ.

ಭಾಷೆಯ ಮಾತು ಬೆಳಗಾವಿ-ಖಾನಾಪುರಗಳಲ್ಲಿ ಸಣ್ಣದಲ್ಲ. ಈ ಸೀಮೆಯ ಮನೆಗಳಲ್ಲಿ ಕನ್ನಡವಿದೆ, ಮರಾಠಿಯಿದೆ, ಘಟ್ಟದ ಅಂಚಿನಲ್ಲಿ ಕೊಂಕಣಿಯಿದೆ, ಉರ್ದುವಿದೆ; ಒಂದೇ ಮನೆಯಲ್ಲಿ ಎರಡು ಭಾಷೆಗಳಿರುವುದೂ ಸಾಮಾನ್ಯ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸುವ ಕಿರಿಯ ವೈದ್ಯ ದೂರದ ಪ್ರಾಂತದವನಿರಬಹುದು. ಒಂದು ಸಂದರ್ಭವನ್ನು ಊಹಿಸಬಹುದು. ಖಾನಾಪುರದ ಕಡೆಯ ಮರಾಠಿ ಮನೆಮಾತಿನ ಮುದುಕಿಯೊಬ್ಬಳ ಹಾಸಿಗೆಯ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ‘ಕಣ್ಣು ತೆರೆ’ ಎಂದು ಗಟ್ಟಿಯಾಗಿ ಹೇಳಿದರೆ ಆಕೆ ತೆರೆಯದಿರಬಹುದು. ಆಜ್ಞೆಯನ್ನು ಪಾಲಿಸಲಿಲ್ಲವೆಂದು ಹಾಳೆಯಲ್ಲಿ ಬರೆಯುತ್ತಾರೆ. ಮಗಳು ಬಾಗಿ ‘ಆಯೀ, ಡೋಳೆ ಉಘಡ್’ ಎಂದಾಗ ರೆಪ್ಪೆ ಅಲುಗಿದರೆ? ಗ್ರಂಥಕನ್ನಡದ ‘ನೇತ್ರಗಳನ್ನು ತೆರೆಯಿರಿ’ ಎಂಬುದಕ್ಕೂ ಮನೆಯ ‘ಕಣ್ಣ ತಗೀ ಯವ್ವಾ’ ಎಂಬುದಕ್ಕೂ ಇರುವ ಅಂತರವೂ ಇಂಥದೇ. ಗಾಯಗೊಂಡ ಮಿದುಳು ಕಲಿತ ಭಾಷೆಯ ಜಾಡನ್ನು ಕಳೆದುಕೊಂಡು ತಾಯ್ನುಡಿಯನ್ನು ಮಾತ್ರ ಹಿಡಿದಿರಬಹುದು. ಆದುದರಿಂದ ಪ್ರಜ್ಞೆಯ ಪರೀಕ್ಷೆಯನ್ನು ರೋಗಿಯ ಮನೆಮಾತಿನಲ್ಲಿ, ಸಾಧ್ಯವಾದರೆ ಮನೆಯವರ ಬಾಯಿಂದಲೇ ಮಾಡಿಸುವುದು ಸೌಜನ್ಯದ ಪ್ರಶ್ನೆಯಲ್ಲ. ರೋಗನಿರ್ಣಯದ ಸತ್ಯಾಸತ್ಯತೆಯ ಪ್ರಶ್ನೆ. ಗಡಿಯ ಭಾಷಾವಿವಾದಗಳಲ್ಲಿ ಎಷ್ಟೋ ಶಕ್ತಿ ವ್ಯಯವಾಗಿರುವ ಈ ನಾಡಿನಲ್ಲಿ, ಎರಡೂ ಭಾಷೆ ಬಲ್ಲವರ ಬಾಹುಳ್ಯವು ಆಸ್ಪತ್ರೆಗೆ ಒಂದು ಸಂಪತ್ತೆಂಬುದನ್ನು ಇನ್ನೂ ಸಾಕಷ್ಟು ಗುರುತಿಸಿಲ್ಲ.

ಇನ್ನು ಯಂತ್ರಗಳ ವಿಚಾರ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ವರದಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡು ಐದು ತಿಂಗಳಾದರೂ ಸಸ್ಯಸದೃಶ ಸ್ಥಿತಿಯಲ್ಲಿದ್ದ 23 ವಯಸ್ಸಿನ ಮಹಿಳೆಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಟೆನ್ನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೊಳ್ಳಲು, ಬಳಿಕ ತನ್ನ ಮನೆಯ ಕೋಣೆಗಳಲ್ಲಿ ಓಡಾಡುವುದಾಗಿ ಕಲ್ಪಿಸಿಕೊಳ್ಳಲು ಹೇಳಿದರು. ಮೊದಲನೆಯದಕ್ಕೆ ಚಲನೆಯನ್ನು ಯೋಜಿಸುವ ಭಾಗವೂ, ಎರಡನೆಯದಕ್ಕೆ ಸ್ಥಳಜ್ಞಾನದ ಭಾಗಗಳೂ ಆರೋಗ್ಯವಂತರಲ್ಲಿ ಕಾಣುವಂತೆಯೇ ಚುರುಕಾದವು. ಬೆರಳನ್ನೂ ಅಲುಗಿಸಲಾರದ ಆಕೆ ಮಾತನ್ನು ಕೇಳಿ, ತಿಳಿದು, ಹೇಳಿದಂತೆ ಮಾಡಿದ್ದಳು. 2010ರಲ್ಲಿ ಇಂಥ 54 ರೋಗಿಗಳ ಪೈಕಿ ಐವರು ತಮ್ಮ ಮಿದುಳಿನ ಚಟುವಟಿಕೆಯನ್ನು ಹೇಳಿದಂತೆ ಬದಲಿಸಿದರು; ಅವರಲ್ಲೊಬ್ಬನು ಒಂದು ಕಲ್ಪನೆಯನ್ನು ‘ಹೌದು’ ಎಂದೂ ಇನ್ನೊಂದನ್ನು ‘ಅಲ್ಲ’ ಎಂದೂ ಬಳಸಿ, ತಂದೆಯ ಹೆಸರು ಮೊದಲಾದ ಪ್ರಶ್ನೆಗಳಿಗೆ ಉತ್ತರಿಸಿದನು. 2019ರಲ್ಲಿ, ಪೆಟ್ಟಾದ ಮೊದಲ ದಿನಗಳಲ್ಲಿಯೇ ಇ.ಇ.ಜಿ. ಯಂತ್ರದಿಂದ ನಡೆಸಿದ ಅಧ್ಯಯನದಲ್ಲಿ ಆಜ್ಞೆಗೆ ಓಗೊಡದಿದ್ದ 104 ಮಂದಿಯ ಪೈಕಿ 16 ಮಂದಿಯಲ್ಲಿ ಈ ಅಡಗಿದ ಅರಿವು ಕಂಡುಬಂತು; ವರ್ಷದ ಬಳಿಕ ಅವರೇ ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದರು. 2024ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನವು ಹೊರಗೆ ಪ್ರತಿಕ್ರಿಯೆಯಿಲ್ಲದ 241 ಮಂದಿಯಲ್ಲಿ 60 ಮಂದಿ, ಎಂದರೆ ನಾಲ್ವರಲ್ಲೊಬ್ಬರು, ಒಳಗೆ ಆಜ್ಞೆಯನ್ನು ಅನುಸರಿಸುತ್ತಿದ್ದರೆಂದು ತೋರಿಸಿತು.

ಇಲ್ಲಿ ಭಕ್ತಜನರ ಉತ್ಸಾಹಕ್ಕೆ ತುಸು ಕಡಿವಾಣ ಅಗತ್ಯ. ಪಿಂಡಸ್ಥಲದ ವಚನಗಳಲ್ಲಿ ಹೊರಗೆ ತೋರದೆ ಒಳಗೆ ಅಡಗಿರುವ ಚೈತನ್ಯಕ್ಕೆ ಅನೇಕ ಉಪಮೆಗಳು ಬರುತ್ತವೆ; ಸಿದ್ಧಾಂತಶಿಖಾಮಣಿಯೂ ಪಿಂಡಸ್ಥಲದಿಂದ ಆರಂಭಿಸಿ ಪಿಂಡಜ್ಞಾನಸ್ಥಲದಲ್ಲಿ ದೇಹಾತ್ಮವಿವೇಕಕ್ಕೆ ಬರುತ್ತದೆ. ಇವನ್ನು ಓದಿದವರಿಗೆ ‘ವಿಜ್ಞಾನವು ಈಗ ಕಂಡದ್ದನ್ನು ನಮ್ಮವರು ಅಂದೇ ಹೇಳಿದ್ದರು’ ಎನ್ನುವ ಆಸೆ ಸಹಜ. ಆ ಮಾತು ವಿಜ್ಞಾನಕ್ಕೂ ನ್ಯಾಯವಲ್ಲ, ಶರಣರಿಗೂ ನ್ಯಾಯವಲ್ಲ. ಶರಣರು ಹೇಳುವ ಚಿತ್ತು ಜಾಗ್ರತ್ತಿಗೂ ಮೂರ್ಛೆಗೂ ಸಮಾನವಾಗಿ ಆಧಾರವಾದುದು. ಅದು ಮಿದುಳಿನ ಪೆಟ್ಟಿನಿಂದ ಕುಂದುವುದಿಲ್ಲ. ವೈದ್ಯನು ಅಳೆಯುವ ಪ್ರಜ್ಞೆಯಾದರೋ ಪೆಟ್ಟಿನಿಂದ ಕುಂದುವಂಥದೇ. ಯಂತ್ರದಲ್ಲಿ ಗುರುತು ಕಾಣದ ಉಳಿದ 181 ಮಂದಿಯಲ್ಲಿ ಅರಿವಿಲ್ಲವೆಂದೂ ಅರ್ಥವಲ್ಲ. ನಿದ್ರೆ ಬಂದಿರಬಹುದು, ಭಾಷೆಯ ಭಾಗ ಕೆಟ್ಟಿರಬಹುದು. ಆದರೆ ತತ್ತ್ವದ ಚಿತ್ತಿನಿಂದ ಒಂದು ನಡತೆ ಮಾತ್ರ ನೇರವಾಗಿ ಹೊರಡುತ್ತದೆ. ದೇಹವು ದೇಗುಲವೆಂದು ನಂಬುವವರಿಗೆ, ಅದರೊಳಗಿನ ದೀಪ ಎಷ್ಟು ಉರಿಯುತ್ತಿದೆಯೆಂಬ ಅಳತೆಯ ಮೇಲೆ ಆ ದೇಹದ ಗೌರವ ಅವಲಂಬಿಸುವುದಿಲ್ಲ. ಅಳತೆಯಿಂದ ಚಿಕಿತ್ಸೆಯ ದಾರಿ ಬದಲಾಗಬಹುದು, ಮರ್ಯಾದೆ ಬದಲಾಗಕೂಡದು.

ದಾರಿ ಹೇಗೆ ಬದಲಾಗುತ್ತದೆ? ಮೊದಲನೆಯದು ಕಾಲದ ವಿಷಯ. 2018ರಲ್ಲಿ ಅಮೆರಿಕದ ನರವೈದ್ಯ ಅಕಾಡೆಮಿಯು ಇತರ ಸಂಸ್ಥೆಗಳೊಡನೆ ಹೊರಡಿಸಿದ ಮಾರ್ಗದರ್ಶಿಯು, ಪೆಟ್ಟಾದ ಮೊದಲ 28 ದಿನಗಳಲ್ಲಿ ಇಂಥ ರೋಗಿಗಳಿಗೆ ಭವಿಷ್ಯವೇ ಇಲ್ಲವೆಂಬ ಧಾಟಿಯ ಮಾತನ್ನು ವೈದ್ಯರು ಆಡಬಾರದೆಂದು ಹೇಳಿತು. ಪೆಟ್ಟಿನಿಂದಾದ ಸಸ್ಯಸದೃಶ ಸ್ಥಿತಿಯು ಒಂದು ವರ್ಷ ದಾಟಿದರೆ, ಉಸಿರುಗಟ್ಟಿದುದೇ ಮೊದಲಾದ ಇತರ ಕಾರಣಗಳಿಂದಾದುದು ಮೂರು ತಿಂಗಳು ದಾಟಿದರೆ, ಹಿಂದೆ ‘ಶಾಶ್ವತ’ ಎನ್ನುತ್ತಿದ್ದರು; ಆ ಪದವನ್ನು ಬಿಟ್ಟು ‘ದೀರ್ಘಕಾಲಿಕ’ ಎನ್ನಬೇಕೆಂದೂ ಅದೇ ಮಾರ್ಗದರ್ಶಿ ಸೂಚಿಸಿತು. ತಡವಾಗಿ ಚೇತರಿಸಿಕೊಳ್ಳುವವರು ಕೆಲವರಾದರೂ ಇದ್ದಾರೆ. ‘ಇನ್ನು ಏನೂ ಆಗದು’ ಎಂಬ ಮಾತು ಮೂರನೆಯ ದಿನ ಬಿದ್ದರೆ ಮನೆಯವರು ಎದೆಗುಂದಿ ಊರಿಗೆ ಒಯ್ಯುತ್ತಾರೆ. ಊರಲ್ಲಿ ನಳಿಗೆಯ ಆಹಾರ ಶ್ವಾಸಕೋಶಕ್ಕೆ ಹೋಗಿ, ಇಲ್ಲವೇ ಹುಣ್ಣಿನ ನಂಜೇರಿ ರೋಗಿ ಸಾಯುತ್ತಾನೆ. ‘ವೈದ್ಯರು ಹೇಳಿದ್ದು ನಿಜವಾಯಿತು’ ಎನ್ನುತ್ತಾರೆ. ಭವಿಷ್ಯವಾಣಿಯೇ ಭವಿಷ್ಯವನ್ನು ಮಾಡಿತೆಂದು ಯಾರಿಗೂ ತೋರುವುದಿಲ್ಲ. ಇದರ ಹಿಂದೆ ಹಣದ ಕಠೋರ ಲೆಕ್ಕವಿರುವುದನ್ನು ಮರೆಯಲಾಗದು. ತೀವ್ರನಿಗಾ ಘಟಕದ ಒಂದು ವಾರದ ಖರ್ಚಿಗೆ ಹೊಲ ಮಾರಿದ ಒಕ್ಕಲು ಮನೆಗಳಿವೆ. ಅವರಿಗೆ ಧರ್ಮೋಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯುವವರೆಗೆ ಬೆಳೆದುದು ಸಮಾಜದ ದಾನದಿಂದ, ಮಠಗಳ ಆಶೀರ್ವಾದದಿಂದ. ಅದೇ ದಾಸೋಹದ ಬುದ್ಧಿ ಈಗ ಆಸ್ಪತ್ರೆಯಿಂದಾಚೆಗೆ, ಮಿದುಳು ಪೆಟ್ಟಿನ ರೋಗಿಯಿರುವ ಹಳ್ಳಿಯ ಮನೆಯವರೆಗೆ ಹರಿಯಬೇಕಾಗಿದೆ: ಗಾಳಿಹಾಸಿಗೆ, ಕಫ ಹೀರುವ ಯಂತ್ರ, ವಾರಕ್ಕೊಮ್ಮೆ ಬರುವ ಅಂಗಮರ್ದನದ ತಜ್ಞ, ರಾತ್ರಿ ಒಂದೆರಡು ತಾಸು ಮನೆಯವರನ್ನು ಮಲಗಗೊಡುವ ಒಬ್ಬ ಸಹಾಯಕ. ಇವು ದೊಡ್ಡ ಯಂತ್ರಗಳಲ್ಲ. ಔಷಧದ ಮಾತಿಗೆ ಬಂದರೆ, ಕಂಪವಾತಕ್ಕೆ ಬಳಸುವ ಅಮಾಂಟಡೀನ್ ಎಂಬ ಹಳೆಯ ಮಾತ್ರೆಯು ಪೆಟ್ಟಿನ ನಾಲ್ಕರಿಂದ ಹದಿನಾರು ವಾರಗಳ ನಡುವಿನ ರೋಗಿಗಳ ಚೇತರಿಕೆಯನ್ನು ತ್ವರೆಗೊಳಿಸುತ್ತದೆಂದು 2012ರಲ್ಲಿ 184 ಮಂದಿಯ ಮೇಲಿನ ಪ್ರಯೋಗದಿಂದ ತಿಳಿದುಬಂದಿದೆ. ಯಾರಿಗೆ ತಕ್ಕುದೆಂಬುದನ್ನು ವೈದ್ಯರೇ ಹೇಳಬೇಕು. ಕೇಳುವ ಹಕ್ಕು ಮನೆಯವರದು.

ಎರಡನೆಯದು ನೋವು ಮತ್ತು ಮಾತು. ನಾಲ್ವರಲ್ಲೊಬ್ಬರಿಗೆ ಒಳಗೆ ತಿಳಿಯುತ್ತಿರಬಹುದಾದರೆ, ಗಾಯ ತೊಳೆಯುವಾಗ, ಗಂಟಲ ನಳಿಗೆ ಬದಲಿಸುವಾಗ ‘ಇವರಿಗೇನೂ ತಿಳಿಯದು’ ಎಂದು ನೋವುಶಾಮಕವನ್ನು ಬಿಡುವಂತಿಲ್ಲ. ಹಾಸಿಗೆಯ ಬಳಿಯಲ್ಲಿಯೇ ಆಸ್ತಿಯ ಪಾಲು, ಖರ್ಚಿನ ಜಗಳ, ‘ಯಾವಾಗ ಮುಗಿಯುತ್ತದೋ’ ಎಂಬ ನಿಟ್ಟುಸಿರುಗಳನ್ನು ಆಡುವುದು ನಮ್ಮಲ್ಲಿ ಅಪರೂಪವಲ್ಲ. ಅವನ್ನು ಹೊರಗೆ ಆಡಬೇಕು. ಮೈ ತೊಳೆಯುವ ಮೊದಲು ‘ಈಗ ಮೈ ತೊಳೆಯುತ್ತೇವೆ’ ಎಂದು ಹೇಳುವುದಕ್ಕೆ ಒಂದು ಕ್ಷಣ ಸಾಕು.

ವೀರಶೈವ ರೋಗಿಯ ವಿಷಯದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಎಂ.ಆರ್.ಐ. ಕೊಠಡಿಯೊಳಗೆ ಲೋಹಕ್ಕೆ ಪ್ರವೇಶವಿಲ್ಲ. ಬೆಳ್ಳಿಯ ಕರಡಿಗೆಯನ್ನೂ ತೆಗೆಸುತ್ತಾರೆ. ಶಸ್ತ್ರಚಿಕಿತ್ಸೆಯ ಮೊದಲು ಶಿವದಾರವನ್ನು ಕತ್ತರಿಸುವುದುಂಟು. ತಿಳಿವಿದ್ದವನಾದರೆ ತಾನೇ ತೆಗೆದು ಮನೆಯವರ ಕೈಗೆ ಕೊಡುತ್ತಾನೆ, ಆ ವಿಯೋಗವನ್ನು ಮನಸ್ಸಿನಲ್ಲಿ ಪರಿಹರಿಸಿಕೊಳ್ಳುತ್ತಾನೆ. ತಿಳಿವಿಲ್ಲದವನ ಪಾಲಿಗೆ ಇದನ್ನು ಬೇರೆಯವರು ಮಾಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಗಡಿಯಾರ, ಉಂಗುರಗಳೊಡನೆ ಇಷ್ಟಲಿಂಗವೂ ಸೇರುತ್ತದೆ. ಯಾರೂ ಅವಮಾನಿಸಬೇಕೆಂದು ಮಾಡಿದುದಲ್ಲ, ಆದರೂ ಮನೆಯವರ ಎದೆಗೆ ಇದು ಮುಳ್ಳಿನಂತೆ ನಾಟುತ್ತದೆ. ಲಿಂಗವನ್ನು ಪ್ರತ್ಯೇಕವಾಗಿ ಮನೆಯವರ ಕೈಗೊಪ್ಪಿಸುವುದು, ಪರೀಕ್ಷೆ ಮುಗಿದೊಡನೆ ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ, ನಳಿಗೆಗಳಿಗೆ ತೊಡಕಾಗದಂತೆ ಮರಳಿ ಧರಿಸಲು ಬಿಡುವುದು ಆಸ್ಪತ್ರೆಗೆ ಕಷ್ಟದ ಕೆಲಸವಲ್ಲ. ಇಷ್ಟಲಿಂಗವು ಮೈಯಿಂದ ಕ್ಷಣಕಾಲ ದೂರವಾದರೂ ಪ್ರಾಣಲಿಂಗವು ದೂರವಾಗದೆಂಬ ಸಿದ್ಧಾಂತವು ಮನೆಯವರಿಗೆ ಸಮಾಧಾನ ಕೊಡಬಲ್ಲುದು. ಆಸ್ಪತ್ರೆಯು ಅದನ್ನು ತನ್ನ ಉಪೇಕ್ಷೆಗೆ ನೆವಮಾಡಿಕೊಳ್ಳುವಂತಿಲ್ಲ. ರೋಗಿಯ ಅಂಗೈಯಲ್ಲಿ ಲಿಂಗವನ್ನಿಟ್ಟಾಗ ಬೆರಳು ಮಡಿಚಿದರೆ ಅದು ಅರಿವಿನ ಗುರುತೆಂದು ಮನೆಯವರು ನಂಬುವುದು ಸಹಜ. ಆದರೆ ಅಂಗೈಗೆ ಏನನ್ನಿಟ್ಟರೂ ಬೆರಳು ಮಡಿಚುವ ಪ್ರತಿವರ್ತನೆಯೊಂದು ಗಾಯಗೊಂಡ ಮಿದುಳಿನಲ್ಲಿ ಮರಳಿ ಕಾಣಿಸಿಕೊಳ್ಳುವುದುಂಟು. ಹೇಳಿದಾಗ ಬಿಡುತ್ತದೆಯೆ, ಮತ್ತೆ ಹೇಳಿದಾಗ ಹಿಡಿಯುತ್ತದೆಯೆ ಎಂಬುದನ್ನು ನೋಡಬೇಕು.

ಎಷ್ಟು ಕಾದರೂ, ಎಷ್ಟು ಪರೀಕ್ಷಿಸಿದರೂ ಚೇತರಿಕೆಯ ದಾರಿ ಕಾಣದ ರೋಗಿಗಳಿದ್ದಾರೆ. ಅಂಥವರ ಮೇಲೆ ಯಂತ್ರೋಪಚಾರವನ್ನು ಹೇರುತ್ತ ಹೋಗುವುದು ದಯೆಯೆನಿಸದು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು ಘನತೆಯಿಂದ ಸಾಯುವ ಹಕ್ಕು ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿ, ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆಯಿತ್ತಿತು. ಆ ವಿಧಾನ ಕ್ಲಿಷ್ಟವಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಿತು. ಇಚ್ಛಾಪತ್ರಕ್ಕೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕಾಯಿತು. ಆಸ್ಪತ್ರೆಯ ಪ್ರಾಥಮಿಕ ಮಂಡಳಿಯಲ್ಲಿ ಚಿಕಿತ್ಸೆ ನೀಡುವ ವೈದ್ಯರೊಡನೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವದ ಇಬ್ಬರು ತಜ್ಞರು. ಅವರ ಅಭಿಪ್ರಾಯವನ್ನು ಪುನಃ ಪರಿಶೀಲಿಸಲು ಜಿಲ್ಲೆಯ ವೈದ್ಯಾಧಿಕಾರಿಯ ನಾಮನಿರ್ದೇಶಿತರೊಬ್ಬರುಳ್ಳ ಎರಡನೆಯ ಮಂಡಳಿ. ಇಚ್ಛಾಪತ್ರವಿಲ್ಲದಿದ್ದರೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ಚಿಕಿತ್ಸೆಯನ್ನು ಹಿಂತೆಗೆಯುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವು ಈ ಮಂಡಳಿಗಳ ರಚನೆಗಾಗಿ ಆದೇಶ ಹೊರಡಿಸಿತು. ಈ ವ್ಯವಸ್ಥೆಯಲ್ಲಿ ರೋಗಿಯ ಅರಿವಿನ ಸ್ಥಿತಿಯನ್ನು ಸರಿಯಾಗಿ ನಿರ್ಣಯಿಸುವುದೇ ಬುನಾದಿ. 44 ಮಂದಿಯಲ್ಲಿ 18 ಮಂದಿಯ ನಿರ್ಣಯ ತಪ್ಪುವಂಥ ಬರಿನೋಟದ ಪರೀಕ್ಷೆಯ ಮೇಲೆ ಎರಡು ಮಂಡಳಿಗಳು ಕುಳಿತರೂ ತಪ್ಪು ಎರಡು ಬಾರಿ ಆಗುವುದೇ ಹೊರತು ಸರಿಯಾಗದು.

ಮಂಡಳಿಯ ಮುಂದೆ ಮನೆಯವರು ಇಡಬಹುದಾದ ಅತ್ಯುತ್ತಮ ಸಾಕ್ಷ್ಯವೆಂದರೆ ಹಾಸಿಗೆಯ ಬಳಿಯ ಒಂದು ಇನ್ನೂರು ಪುಟದ ನೋಟುಪುಸ್ತಕ. ಖಾನಾಪುರದ ಯಾವ ಹಳ್ಳಿಯ ಅಂಗಡಿಯಲ್ಲಿಯೂ ಅದು ಸಿಗುತ್ತದೆ. ತಾರೀಖು, ವೇಳೆ, ಹಿಂದಿನ ಔಷಧ ಕೊಟ್ಟು ಎಷ್ಟು ಹೊತ್ತಾಗಿತ್ತೆಂಬುದು, ಕೂರಿಸಿದ್ದರೋ ಮಲಗಿಸಿದ್ದರೋ, ಯಾರು ಏನು ಹೇಳಿದರು, ರೋಗಿ ಏನು ಮಾಡಿದರು, ಮತ್ತೆ ಹೇಳಿದಾಗ ಮತ್ತೆ ಮಾಡಿದರೇ ಇಲ್ಲವೇ ಎಂಬುದನ್ನು ದಿನಕ್ಕೆ ಎರಡು ಬಾರಿ ಬರೆದಿಡಬೇಕು. ಏನೂ ಮಾಡದಿದ್ದ ದಿನವನ್ನೂ ಬಿಡದೆ ಬರೆಯಬೇಕು. ಕೇಳಿದ್ದು ಯಾವ ಭಾಷೆಯಲ್ಲಿ ಎಂಬುದನ್ನೂ ಬರೆಯಬೇಕು.